ಕಡ್ಲಿ ಹೊಲ, ಹೆಬ್ಬಾತು ಮತ್ತು ಸಂಪಾದಕರ ಪತ್ರ

ನಿಸರ್ಗದ ಬಗ್ಗೆ ಬರೆಯುವವರಿಗೆ ದುಡ್ಡಿನ ನೆರವು ಕೊಡುವ ಫೆಲೋಶಿಪ್ಪಿನ ಅರ್ಜಿಯಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಒಂದೇ ರಾತ್ರಿ ಕೂತು ಉತ್ತರ ಬರೆದೆ. ಹನ್ನೊಂದನೆಯದು ಪ್ರಶ್ನೆಯೇ ಅಲ್ಲ, ಬರೀ ಒಂದು ಸಾಲು: ‘ನಿಮ್ಮ ಸಂಪಾದಕರ ಬೆಂಬಲ ಪತ್ರ ಲಗತ್ತಿಸಿ.’ ಆ ಒಂದು ಸಾಲಿಗೆ ಎರಡು ವರ್ಷ ಹಿಡಿಯಿತು.

ನಾನು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯವಳು. ಒಂದು ದಿನಪತ್ರಿಕೆಗೆ ಅರೆಕಾಲಿಕ ವರದಿಗಾರ್ತಿ. ಅಂದರೆ ಸುದ್ದಿ ಅಚ್ಚಾದರೆ ರೊಕ್ಕ, ಆಗದಿದ್ದರೆ ಬಸ್ ಚಾರ್ಜು ಕೈಯಿಂದ. ಪಂಚಾಯ್ತಿ ಸಭೆ, ಜಾತ್ರೆ, ಅಪಘಾತ, ಶೇಂಗಾ ಧಾರಣೆ, ಇವೇ ನನ್ನ ದಿನಚರಿ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಾಗ ಡೆಸ್ಕಿನವರಿಗೆ ನನ್ನ ನೆನಪಾಗುತ್ತಿತ್ತು. ಒಂದು ಫೋಟೊ, ಆರು ಸಾಲು, ‘ವಿದೇಶಿ ಅತಿಥಿಗಳ ಕಲರವ’ ಎಂಬ ತಲೆಬರಹ. ಮುಂದಿನ ವರ್ಷವೂ ಅದೇ ತಲೆಬರಹ. ಫೋಟೊ ಕೂಡ ಅದೇ ಇದ್ದೀತು ಅಂತ ನನಗೆ ಗುಮಾನಿ.

ಕೆರೆಯ ಮೇಲೆ ಹಗಲೆಲ್ಲ ಕೂತಿರುವ ಈ ಹಕ್ಕಿಗಳು ಹೊಟ್ಟೆಗೆ ಏನು ತಿನ್ನುತ್ತವೆ ಅಂತ ಆ ಆರು ಸಾಲಿನಲ್ಲಿ ಯಾವತ್ತೂ ಬಂದಿರಲಿಲ್ಲ. ಸುತ್ತಲಿನ ರೈತರಿಗೆ ಮಾತ್ರ ಚೆನ್ನಾಗಿ ಗೊತ್ತು. ಕತ್ತಲಾದ ಮೇಲೆ ಗುಂಪು ಏಳುತ್ತದೆ, ಎರಿ ಹೊಲಗಳಿಗೆ, ಅಂದರೆ ಕಪ್ಪು ಮಣ್ಣಿನ ಹೊಲಗಳಿಗೆ, ಇಳಿಯುತ್ತದೆ, ಕಡಲೆಯ ಎಳೆಕುಡಿ ಮೇಯುತ್ತದೆ, ಬೆಳಗಾಗುವ ಹೊತ್ತಿಗೆ ಮತ್ತೆ ನೀರಿಗೆ ಬಂದು ಕೂರುತ್ತದೆ. ಇದನ್ನು ಬರೆಯಬೇಕಾದರೆ ರಾತ್ರಿಗಳು ಬೇಕು, ಅದೂ ಒಂದೆರಡಲ್ಲ, ಒಂದು ಇಡೀ ಹಿಂಗಾರು. ಅಷ್ಟು ದಿನ ಪಂಚಾಯ್ತಿ ಸಭೆ ಬಿಟ್ಟರೆ ಮನೆ ನಡೆಯುವುದು ಹೇಗೆ?

“ಹಕ್ಕಿ ನೋಡಾಕ ಯಾರರ ರೊಕ್ಕ ಕೊಡ್ತಾರೇನವಾ?” ಅಂತ ಅಪ್ಪ ಕೇಳಿದ. ಕೊಡ್ತಾರಂತ ಅಂದೆ. ಅಪ್ಪ ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

2022ರಲ್ಲಿ ಹುಡುಕಲು ಶುರು ಮಾಡಿದೆ. ಹುಡುಕಿದಷ್ಟೂ ಹೊಟ್ಟೆಕಿಚ್ಚು. ಅಮೆರಿಕದಲ್ಲಿ ಬೇಟೆ, ಮೀನುಗಾರಿಕೆ, ಕಾಡು-ಮೇಡಿನ ಬಗ್ಗೆ ಬರೆಯುವವರು 1927ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದಾರೆ, ಹೊಸಬರಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ. ಅಸ್ಸಾಮಿನ ತೇಜ್‌ಪುರದಲ್ಲಿ ಗ್ರೀನ್ ಹಬ್ ಇದೆ. ಈಶಾನ್ಯದ ಹುಡುಗ ಹುಡುಗಿಯರ ಕೈಗೆ ಕ್ಯಾಮೆರಾ ಕೊಟ್ಟು, ತಮ್ಮ ಕಾಡು ತಮ್ಮ ಊರನ್ನು ತಾವೇ ಚಿತ್ರೀಕರಿಸಲು ಕಲಿಸುತ್ತದೆ. ಗದಗ ಈಶಾನ್ಯಕ್ಕೆ ಬರುವುದಿಲ್ಲವಲ್ಲ. ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಸಣ್ಣ ಅನುದಾನಕ್ಕೆ ಮೂವರು ಪರಿಚಯದವರು ನಮ್ಮ ಪರವಾಗಿ ಬರೆದುಕೊಡಬೇಕು. ಮೇಲಾಗಿ ಅದು ಸಂರಕ್ಷಣೆ ಮಾಡುವವರಿಗೆ, ಅದರ ಬಗ್ಗೆ ಬರೆಯುವವರಿಗಲ್ಲ. ಇಂಟರ್‌ನ್ಯೂಸ್ ಸಂಸ್ಥೆ 2004ರಲ್ಲಿ ಶುರು ಮಾಡಿದ ಅರ್ತ್ ಜರ್ನಲಿಸಂ ನೆಟ್‌ವರ್ಕ್ ವರದಿಗಾರರಿಗೇ ನೆರವು ಕೊಡುತ್ತದೆ. ನಮ್ಮ ಭಾಷೆಯಲ್ಲೇ ಬರೆಯಬಹುದು, ಜೊತೆಗೊಂದು ಇಂಗ್ಲಿಷ್ ಅನುವಾದ ಕೊಟ್ಟರಾಯಿತು. ಇದನ್ನು ಓದಿದಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಲ್ಲ ಕಡೆಯೂ ತಿರುಗಿ ತಿರುಗಿ ಎದುರಾಗುತ್ತಿದ್ದದ್ದು ಮಾತ್ರ ಪತ್ರ.

ನಮ್ಮ ಪತ್ರಿಕೆಯ ಜಿಲ್ಲಾ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯರು ಕೆಟ್ಟವರಲ್ಲ. ಚಹಾ ತರಿಸಿದರು, ಅರ್ಜಿ ಓದಿದರು, ‘ಭಾಳ ಚಲೋ’ ಅಂದರು. ಪತ್ರದ ಮಾತು ಬಂದಾಗ ಕನ್ನಡಕ ತೆಗೆದಿಟ್ಟರು.

“ನೋಡ್ರಿ ಮೇಡಂ, ನಮ್ಮ ಲೆಟರ್‌ಹೆಡ್‌ನ್ಯಾಗ ‘ನಮ್ಮ ವರದಿಗಾರ್ತಿ’ ಅಂತ ಬರದು ಕೊಟ್ರ, ನಾಳೆ ನೀವು ನಾನು ಇಲ್ಲೇ ಸಿಬ್ಬಂದಿ ಇದ್ದೆ ಅಂತ ಪಿಎಫ್ ಕೇಳಿದ್ರ? ಮ್ಯಾಲಿನವ್ರು ಒಪ್ಪಂಗಿಲ್ರಿ.”

ಹೀಗೊಂದು ಅಂಜಿಕೆ ಇರಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಏಳು ವರ್ಷ ಅವರಿಗಾಗಿ ಸುದ್ದಿ ಬರೆದಿದ್ದೆ, ಆ ಏಳು ವರ್ಷಕ್ಕೆ ಕಾಗದದ ಮೇಲೆ ಎಲ್ಲೂ ಗುರುತಿರಲಿಲ್ಲ. ಫೆಲೋಶಿಪ್ ಕೊಡುವವರು ಈ ಪತ್ರ ಕೇಳುವುದು ಒಳ್ಳೆಯದಕ್ಕೇ, ದುಡ್ಡು ಕೊಟ್ಟ ಮೇಲೆ ಬರಹ ಎಲ್ಲಾದರೂ ಅಚ್ಚಾಗಲಿ ಎಂದು. ಆದರೆ ದೂರದ ಊರುಗಳಲ್ಲಿ ನಿಜವಾಗಿ ಸುತ್ತಾಡಿ ಬರೆಯುವವರಲ್ಲಿ ಬಹಳಷ್ಟು ಜನ ನನ್ನಂಥವರೇ. ಸಂಬಳದ ಪಟ್ಟಿಯಲ್ಲಿ ಹೆಸರಿರುವವರಿಗೆ ಪತ್ರ ಸಿಗುತ್ತದೆ, ರಜೆ ಸಿಗುವುದಿಲ್ಲ. ನಮಗೆ ರಜೆಯ ಚಿಂತೆಯಿಲ್ಲ, ಪತ್ರ ಇಲ್ಲ.

ಮೊದಲ ವರ್ಷ ಪತ್ರವಿಲ್ಲದೆಯೇ ಒಂದು ಕಡೆ ಅರ್ಜಿ ಹಾಕಿದೆ. ಆಗ ನನ್ನ ವಿಷಯ ಹೆಬ್ಬಾತು ಆಗಿರಲಿಲ್ಲ, ಕಪ್ಪತಗುಡ್ಡದ ತೋಳ. ಹೆಬ್ಬಾತು ತೀರಾ ಮನೆಯಂಗಳದ ವಿಷಯ, ದೊಡ್ಡವರು ಒಪ್ಪಲಿಕ್ಕಿಲ್ಲ, ತೋಳ ಅಂದರೆ ಗತ್ತು ಅಂದುಕೊಂಡಿದ್ದೆ. ತಿರಸ್ಕಾರದ ಮಿಂಚಂಚೆಯಲ್ಲಿ ಒಂದು ಸಾಲು ಕಾರಣ ಕೊಟ್ಟಿದ್ದರು, ಅಷ್ಟು ಮಾಡುವವರೂ ಕಡಿಮೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನ ಪ್ರಕಾರ ಧಾಮದೊಳಗೆ ಅಧ್ಯಯನಕ್ಕೋ ಛಾಯಾಗ್ರಹಣಕ್ಕೋ ಹೋಗಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನನ್ನ ವೇಳಾಪಟ್ಟಿಯಲ್ಲಿ ಅನುಮತಿಗೆ ಒಂದು ದಿನವೂ ಇರಲಿಲ್ಲ, ‘ಮೊದಲ ವಾರ: ತೋಳ ನೋಡುವುದು’ ಅಂತ ಬರೆದಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ತೋಳಕ್ಕೆ ನನ್ನ ವೇಳಾಪಟ್ಟಿ ಗೊತ್ತಿರಬೇಕಿತ್ತು.

2024ರ ಜನವರಿ ಕೊನೆಯಲ್ಲಿ ಗಾಳಿ ತಿರುಗಿತು. ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಕುಮಟೆಯ ಅಘನಾಶಿನಿ ಅಳಿವೆ, ಕರ್ನಾಟಕದ ಈ ಮೂರೂ ಒಟ್ಟಿಗೇ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಅಲ್ಲಿಯತನಕ ರಾಜ್ಯಕ್ಕೆ ಇದ್ದದ್ದು ರಂಗನತಿಟ್ಟು ಒಂದೇ. ಒಂದು ವಾರ ಎಲ್ಲರಿಗೂ ಮಾಗಡಿ ಬೇಕಾಯಿತು. ಟಿವಿಯವರು ಬಂದರು, ಡ್ರೋನ್ ಹಾರಿಸಬಹುದೇ ಅಂತ ಕೇಳಿದರು, ಹೋದರು. ಅದೇ ಮಳೆಗಾಲದಲ್ಲಿ ಒಂದು ಭಾರತೀಯ ಸಂಸ್ಥೆ ಭಾರತೀಯ ಭಾಷೆಗಳಲ್ಲಿ ನಿಸರ್ಗದ ಬಗ್ಗೆ ಬರೆಯುವ ಹೊಸಬರಿಗೆ ನಾಲ್ಕು ತಿಂಗಳ ಫೆಲೋಶಿಪ್ ಕರೆದಿತ್ತು. ಅವರ ಹೆಸರು ಹೇಳುವುದಿಲ್ಲ, ಮುಂದೆ ಒಂದೆರಡು ದೂರುಗಳೂ ಇವೆ. ಇಲ್ಲೂ ಪತ್ರ ಕೇಳಿದ್ದರು, ಆದರೆ ‘ಅಥವಾ’ ಎಂಬ ಪದವಿತ್ತು: ‘ಅಥವಾ ಯಾವುದಾದರೂ ಪತ್ರಿಕೆ ಪ್ರಕಟಿಸಲು ಆಸಕ್ತಿ ತೋರಿಸಿದ ಮಿಂಚಂಚೆ.’

ಬೆಂಗಳೂರಿನ ಒಂದು ಮಾಸಿಕದ ಸಂಪಾದಕರಿಗೆ ಬರೆದೆ. ಅವರನ್ನು ನಾನು ನೋಡಿಯೇ ಇಲ್ಲ. ಎರಡು ದಿನಕ್ಕೆ ಉತ್ತರ ಬಂತು: ‘ವಿಷಯ ಚೆನ್ನಾಗಿದೆ. ಬರಹ ಚೆನ್ನಾಗಿದ್ದರೆ ಪ್ರಕಟಿಸುತ್ತೇವೆ. ಇಲ್ಲದಿದ್ದರೆ ಇಲ್ಲ.’ ಇದನ್ನು ಬೆಂಬಲ ಅನ್ನಬೇಕೋ ಎಚ್ಚರಿಕೆ ಅನ್ನಬೇಕೋ ತಿಳಿಯದೆ ಹಾಗೇ ಲಗತ್ತಿಸಿದೆ. ನಡೆಯಿತು.

ಬಜೆಟ್ ಬರೆಯುವುದು ಇನ್ನೊಂದು ಪಾಠ. ಸ್ಕೂಟಿಯ ಪೆಟ್ರೋಲು, ಮೊಬೈಲ್ ಡೇಟಾ, ಬ್ಯಾಟರಿ, ಹೊಲ ಕಾಯುವ ಹುಡುಗನಿಗೆ ರಾತ್ರಿ ಕೂಲಿ, ಅನುವಾದಕರ ಶುಲ್ಕ, ಎಲ್ಲ ಬರೆದೆ. ಕ್ಯಾಮೆರಾ ಕೊಳ್ಳಲು ಮೂವತ್ತು ಸಾವಿರ ಅಂತ ಹಾಕಿದ್ದನ್ನು ಅಳಿಸಬೇಕಾಯಿತು. ಇಂಥ ನೆರವಿನಲ್ಲಿ ಸಲಕರಣೆ ಕೊಳ್ಳಲು ಸಾಮಾನ್ಯವಾಗಿ ದುಡ್ಡಿಲ್ಲ, ಬಾಡಿಗೆಗೆ ತಂದರೆ ಇದೆ. ಗದಗಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವವರು ಮದುವೆ ಫೋಟೊದವರು, ಮಾಗಿಯಲ್ಲಿ ಮದುವೆ ಸೀಸನ್ನು. ಆ ಸಂಸ್ಥೆಯ ಸಂಯೋಜಕಿ ಫೋನ್ ಮಾಡಿ ಕೇಳಿದರು: “ಎಲ್ಲ ಸರಿ ಇದೆ. ನಿಮ್ಮ ಕೂಲಿ ಎಲ್ಲಿ?”

ನಾನು ಸುಮ್ಮನಿದ್ದೆ.

“ಹೊಲ ಕಾಯೋ ಹುಡುಗನಿಗೆ ಇದೆ, ಅನುವಾದಕರಿಗೆ ಇದೆ. ನೀವು ನಾಲ್ಕು ತಿಂಗಳು ಏನು ತಿಂತೀರಿ?”

ನನ್ನ ದಿನಕ್ಕೂ ಒಂದು ಬೆಲೆ ಇದೆ ಅಂತ ಬರೆಯಲು ಕೈ ಹಿಂಜರಿದದ್ದು ನಿಜ. ಆಮೇಲೆ ಊರಿನ ಹೊಲದ ಕೂಲಿ ಲೆಕ್ಕದಲ್ಲೇ ಹಾಕಿದೆ. ಅವರು ಅದನ್ನು ಹೆಚ್ಚಿಸಿ ವಾಪಸು ಕಳಿಸಿದರು. ಒಟ್ಟು 60,000 ರೂಪಾಯಿ, ಮೂರು ಕಂತು.

ಸಂದರ್ಶನ ವಿಡಿಯೋ ಕರೆಯಲ್ಲಿ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ಶೇಂಗಾ ಒಣಹಾಕಿದ್ದ ಜಾಗದಲ್ಲಿ. ಮೂವರಿದ್ದರು. ಒಬ್ಬರು ಕೇಳಿದರು, “ಈ ವರ್ಷ ಹಕ್ಕಿಗಳೇ ಬರದಿದ್ದರೆ?” ಅದಕ್ಕೆ ಜಾಣ ಉತ್ತರವೊಂದನ್ನು ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದೆ, ಆ ಹೊತ್ತಿಗೆ ಮರೆತು ಹೋಯಿತು. “ಕಡ್ಲಿ ಬಿತ್ತಿರ್ತಾರಲ್ರಿ, ಅವರ ಜೊತಿ ಕೂಡ್ತೀನಿ” ಅಂದುಬಿಟ್ಟೆ. ಕೆಳಗಿನಿಂದ ಅವ್ವ “ಯಾರ ಜೊತಿ ಮಾತಾಡಾಕತ್ತಿ?” ಅಂತ ಕೂಗಿದ್ದು ಅವರಿಗೂ ಕೇಳಿಸಿತು.

ಆಯ್ಕೆಯಾದ ಸುದ್ದಿ ಬಂದ ಮೇಲೆ ಅಂಜಿಕೆ ಶುರುವಾಯಿತು. ಆ ಸಂಸ್ಥೆಗೆ ಹೊರದೇಶದಿಂದಲೂ ದುಡ್ಡು ಬರುತ್ತದೆಂದು ಯಾರೋ ಹೇಳಿದರು, ಪತ್ರಕರ್ತರು ಅಂಥ ದುಡ್ಡು ಮುಟ್ಟಿದರೆ ಜೈಲೇ ಅಂತ ಇನ್ಯಾರೋ. ಗದಗಿನ ಆಡಿಟರ್ ಹತ್ತಿರ ಹೋದೆ. ಅವರು ಕಾಯ್ದೆಯ ಪುಸ್ತಕವನ್ನೇ ತೆಗೆದರು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಕಲಮಿನಲ್ಲಿ ದೇಣಿಗೆ ಪಡೆಯಬಾರದವರ ಪಟ್ಟಿಯಿದೆ. ನೋಂದಾಯಿತ ಪತ್ರಿಕೆಯ ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು, ಸಂಪಾದಕರು ಎಲ್ಲ ಅದರಲ್ಲಿದ್ದಾರೆ. ನನ್ನ ಎದೆ ಧಸಕ್ಕೆಂದಿತು. “ತಡೀರಿ, ಮುಂದಿನ ಪುಟ ಓದ್ರಿ” ಅಂದರು. 4ನೇ ಕಲಮಿನಲ್ಲಿ ವಿನಾಯಿತಿಗಳು: ಸಂಬಳ, ಕೂಲಿ, ಮಾಡಿದ ಕೆಲಸಕ್ಕೆ ಬರುವ ಸಂಭಾವನೆ, ವಿದ್ಯಾರ್ಥಿವೇತನ, ಸ್ಟೈಪೆಂಡ್. “ಒಪ್ಪಂದದಾಗ ಇದು ಏನು ಅಂತ ಸ್ಪಷ್ಟ ಬರಸಿಕೊಳ್ರಿ. ದೇಣಿಗಿ ಅಲ್ಲ, ಸ್ಟೈಪೆಂಡ್ ಅಂತ. ಆ ಕಾಗದ ಹತ್ತು ವರ್ಷ ಜ್ವಾಪಾನ ಇಡ್ರಿ.” ಹಾಗೇ ಬರೆಸಿಕೊಂಡೆ. ಇಷ್ಟು ಓದಿ ಯಾರೂ ಇದನ್ನೇ ಕಾನೂನು ಸಲಹೆ ಅಂದುಕೊಳ್ಳಬೇಡಿ. ನಿಮ್ಮ ನಿಮ್ಮ ಆಡಿಟರನ್ನು ಕೇಳಿ, ಮುನ್ನೂರು ರೂಪಾಯಿ ಹೋದರೆ ಹೋಗಲಿ.

ಏಳು ವರ್ಷ ಪಿಎಫ್ ಕೇಳಿಯಾಳು ಅಂತ ‘ವರದಿಗಾರ್ತಿ’ ಅಲ್ಲ ಅನ್ನಿಸಿಕೊಂಡವಳು, ಕಾಯ್ದೆಯ ಪಟ್ಟಿಯಲ್ಲಿ ಮಾತ್ರ ಪಕ್ಕಾ ವರದಿಗಾರ್ತಿ. ಆಡಿಟರಿಗೂ ಇದು ನಗು ತರಿಸಿತು.

ನವೆಂಬರಿನಲ್ಲಿ ಹಕ್ಕಿ ಬಂದವು. ಅಲ್ಲಿಂದ ನನ್ನ ದಿನಚರಿ ಹೀಗೆ: ಸಂಜೆ ಕೆರೆ ದಂಡೆ, ರಾತ್ರಿ ಹೊಲ, ಬೆಳಗ್ಗೆ ನಿದ್ದೆ. ಕೆರೆಯೊಳಗೆ ಇಳಿಯುವುದಿಲ್ಲ, ಬ್ಯಾಟರಿ ಬೆಳಕು ಹಕ್ಕಿಯ ಮೇಲೆ ಬಿಡುವುದಿಲ್ಲ ಅಂತ ಬರೆದು ಅರಣ್ಯ ಇಲಾಖೆಗೆ ಒಂದು ಪತ್ರ ಕೊಟ್ಟಿದ್ದೆ. ಕಾವಲುಗಾರರು ಚೆನ್ನಾಗಿ ನಡೆಸಿಕೊಂಡರು.

ಫೆಲೋಶಿಪ್ಪಿನಲ್ಲಿ ದುಡ್ಡಿನ ಜೊತೆ ಒಬ್ಬ ಮಾರ್ಗದರ್ಶಕಿಯನ್ನೂ ಕೊಟ್ಟಿದ್ದರು, ಹದಿನೈದು ದಿನಕ್ಕೊಮ್ಮೆ ಕರೆ. ಮೊದಲ ದೂರು ಇಲ್ಲೇ. ಕನ್ನಡದ ಫೆಲೋಶಿಪ್ಪಿಗೆ ಮೊದಲು ಗೊತ್ತುಮಾಡಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಬರೆದದ್ದನ್ನು ಯಂತ್ರದ ಅನುವಾದಕ್ಕೆ ಹಾಕಿ ಓದುತ್ತಿದ್ದರು. ‘ಎರಿ ಹೊಲ’ ಅಲ್ಲಿ ಏನಾಗಿತ್ತೋ, “ಎರೆಹುಳುವಿನ ಸಾಕಣೆ ಎಷ್ಟು ಎಕರೆ?” ಅಂತ ಇಂಗ್ಲಿಷಿನಲ್ಲಿ ಕೇಳಿದರು. ಎರಡು ಕರೆಯಾದ ಮೇಲೆ ಸಂಯೋಜಕಿಗೆ ಹೇಳಿದೆ. ಒಂದು ತಿಂಗಳು ಹೋಯಿತು, ಆಮೇಲೆ ಧಾರವಾಡದಲ್ಲಿ ಓದಿದ, ಹಕ್ಕಿಗಳ ಮೇಲೆ ಕೆಲಸ ಮಾಡುವ ಒಬ್ಬ ಅಕ್ಕ ಸಿಕ್ಕರು. ಅಲ್ಲಿಂದ ನಿಜವಾದ ಕಲಿಕೆ.

ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: ‘ಎವರೆಸ್ಟ್ ಮೇಲೆ ಹಾರಿ ಬರುವ ಹಕ್ಕಿ.’ ಅಕ್ಕ ಅದರ ಪಕ್ಕ ಬರೆದರು: ‘ನೀನು ನೋಡಿದ್ಯಾ?’ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದ ಹೆಬ್ಬಾತುಗಳಲ್ಲಿ ಅತಿ ಎತ್ತರ ದಾಖಲಾಗಿದ್ದು 7,290 ಮೀಟರ್, ಅದೂ ಅಪರೂಪಕ್ಕೆ. ಅವು ಆದಷ್ಟು ಕಣಿವೆ ಹಿಡಿದೇ ಹಾರುತ್ತವೆ. ಎವರೆಸ್ಟ್ 8,849 ಮೀಟರ್. ನಾನು ಶಾಲೆಯಿಂದ ಕೇಳಿಕೊಂಡು ಬಂದ ಮಾತು ಬಿದ್ದುಹೋಯಿತು. “ಹಿಮಾಲಯ ಬಿಡು, ನಿನ್ನ ಕಡ್ಲಿ ಹೊಲದಾಗ ಏನಾಗತೈತಿ ಅದನ್ನ ಬರಿ” ಅಂದರು.

ಹೊಲದಲ್ಲಿ ಇಬ್ಬರು ರೈತರ ನಡುವೆ ಜಗಳ. ಒಬ್ಬ ಹಿರಿಯ ಹೇಳುತ್ತಿದ್ದ: “ಬಾತುಕೋಳಿ ಕಡ್ಲಿ ಕುಡಿ ಚೂಟಿದ್ರ ಒಳ್ಳೇದ ಆತು. ನಮ್ಮ ಹೆಣ್ಮಕ್ಕಳು ಚೂಟೂದಿಲ್ಲೇನ? ಕವಲು ಒಡಿತಾವ. ಮ್ಯಾಲ ಹಿಕ್ಕಿ ಬೀಳ್ತೈತಿ, ಗೊಬ್ಬರ.” ನಮ್ಮ ಕಡೆ ಕಡಲೆ ಸ್ವಲ್ಪ ಎದ್ದ ಮೇಲೆ ಮೇಲಿನ ಕುಡಿ ಚೂಟಿ ಪಲ್ಲೆ ಮಾಡುವುದು ರೂಢಿ. ಹುಳಿ ಹುಳಿ ಸೊಪ್ಪು, ರೊಟ್ಟಿಗೆ ಅಮೃತ. ಬದುವಿನಾಚೆಯ ಇನ್ನೊಬ್ಬನಿಗೆ ಇದು ಕೇಳಿದರೆ ಉರಿ: “ಅವನ ಹೊಲ ಬಿಟ್ಟು ನನ್ನ ಹೊಲಕ್ಕ ಬರ್ಲಿ, ಆಮ್ಯಾಲ ಹೇಳ್ಲಿ. ಬೇರು ಸಮೇತ ಕಿತ್ಕೊಂಡು ಹೋಗ್ಯಾವ.”

ನಾನು ಇಬ್ಬರ ಮಾತನ್ನೂ ಬರೆದು, ‘ರೈತರಲ್ಲಿ ಭಿನ್ನಾಭಿಪ್ರಾಯವಿದೆ’ ಅಂತ ಮುಗಿಸಿದ್ದೆ. ಪೇಪರಿನಲ್ಲಿ ನಾವು ಹಾಗೇ ಮುಗಿಸುವುದು. ಅಕ್ಕ ಕೇಳಿದ್ದು ಒಂದೇ ಮಾತು: “ಇಬ್ಬರೂ ಯಾವಾಗ ಬಿತ್ತಿದ್ರು?”

ಮರುದಿನ ಕೇಳಿದೆ. ಹಿರಿಯ ಅಕ್ಟೋಬರ್ ಮೊದಲ ವಾರದಲ್ಲೇ ಬಿತ್ತಿದ್ದ. ಇನ್ನೊಬ್ಬನಿಗೆ ಆಳು ಸಿಗದೆ ನವೆಂಬರ್ ಮೊದಲ ವಾರಕ್ಕೆ ಹೋಗಿತ್ತು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಬಿತ್ತಿದ 30ರಿಂದ 40 ದಿನದೊಳಗೆ ಕುಡಿ ಚಿವುಟಿದರೆ ಪಕ್ಕದ ಟೊಂಗೆ ಹೆಚ್ಚುತ್ತವೆ, ಹೂವು ಬಿಟ್ಟ ಮೇಲೆ ಚಿವುಟಿದರೆ ನಷ್ಟ, ಎಳೆ ಸಸಿಯನ್ನಂತೂ ಮುಟ್ಟಬಾರದು. ಹೆಬ್ಬಾತುಗಳ ಗುಂಪು ಇಳಿದಾಗ ಹಿರಿಯನ ಕಡಲೆಗೆ ಹೆಚ್ಚೂಕಡಿಮೆ ನಲವತ್ತು ದಿನ, ಇನ್ನೊಬ್ಬನದು ಆಗಷ್ಟೇ ಎರಡೆಲೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಹಕ್ಕಿಗೆ ತಾರೀಖು ಗೊತ್ತಿಲ್ಲ ಅಷ್ಟೆ. ಆಳು ಸಿಗದ್ದು, ಅದಕ್ಕೆ ಬಿತ್ತನೆ ತಡವಾದದ್ದು, ಅದಕ್ಕೆ ಹಕ್ಕಿ ಶತ್ರುವಾದದ್ದು, ಒಂದಕ್ಕೊಂದು ಕೊಂಡಿ. ಬಜೆಟ್ಟಿನಲ್ಲಿ ಪೆಟ್ರೋಲಿಗೆ ಬರೆದ ದುಡ್ಡೆಲ್ಲ ಆ ಒಂದು ಪ್ರಶ್ನೆಗೆ ಸಮವಾಗಲಾರದು.

ಹುಮ್ಮಸ್ಸಿನಲ್ಲಿ ಒಂದು ಪರೀಕ್ಷೆಯನ್ನೂ ಮಾಡಹೊರಟೆ. ಹಿರಿಯನ ಹೊಲದಲ್ಲಿ ಒಂದು ಗುಂಟೆಯ ಸುತ್ತ, ಮೇಲೆ ಬಲೆ ಕಟ್ಟಿದೆ, ಹಕ್ಕಿ ಮುಟ್ಟದ ಕಡಲೆ ಎಷ್ಟು ಕಾಯಿ ಬಿಡುತ್ತದೆ ನೋಡೋಣ ಅಂತ. ಹನ್ನೆರಡನೇ ದಿನ ಅವನದೇ ಎತ್ತು ಕಣ್ಣಿ ಹರಿದುಕೊಂಡು ಬಂದು, ಬಲೆ ಕೊಂಬಿಗೆ ಸಿಕ್ಕಿಸಿಕೊಂಡು, ಆ ಗುಂಟೆಯನ್ನೇ ಮೇದು ಮಲಗಿತ್ತು. ಲೇಖನದಲ್ಲಿ ಅದನ್ನೂ ಬರೆದೆ.

ಎರಡನೆಯ ದೂರು ಕಂತಿನದು. ಮೊದಲ ಕಂತು ಹೇಳಿದ ದಿನಕ್ಕೆ ಬಂತು. ಎರಡನೆಯದು ‘ಮಧ್ಯಂತರ ವರದಿ ಇಂಗ್ಲಿಷಿನಲ್ಲಿ ಬಂದ ಮೇಲೆ’ ಎಂದು ಐದು ವಾರ ನಿಂತಿತು. ಆ ಐದು ವಾರ ಪೆಟ್ರೋಲಿಗೆ ಅಪ್ಪನ ಶೇಂಗಾ ದುಡ್ಡು. ಪ್ರತಿ ಕಂತಿನಲ್ಲೂ ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದರು. ಅದು ರಿಟರ್ನ್ ಹಾಕಿದ ಮೇಲೆ ವಾಪಸು ಬರುತ್ತದೆ, ನನ್ನ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೆ ಕೈಗೆ 54,000 ಬರುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳುವವರು ಜಾಣರು. ನಾನು 60,000ಕ್ಕೆ ಖರ್ಚಿನ ಪಟ್ಟಿ ಮಾಡಿದ್ದೆ.

2025ರ ಮಾರ್ಚಿನಲ್ಲಿ, ಹೆಬ್ಬಾತುಗಳು ಹೊರಟುಹೋದ ಮೇಲೆ, ಲೇಖನ ಆ ಮಾಸಿಕದಲ್ಲಿ ಬಂತು. ಎಂಟು ಪುಟ. ‘ಕಲರವ’ ಎಂಬ ಪದ ಎಲ್ಲೂ ಇಲ್ಲದಂತೆ ನೋಡಿಕೊಂಡಿದ್ದೆ. ಪ್ರತಿ ಒಯ್ದು ಹಿರಿಯನ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ಬದುವಿನಾಚೆಯವನೂ ಬಂದು ನಿಂತಿದ್ದ, ಕೂರಲಿಲ್ಲ. ಬಿತ್ತನೆಯ ತಾರೀಖಿನ ಮಾತು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎತ್ತಿನ ಕಥೆ ಬಂದಾಗ ಆಚೆಯವನು ಜೋರಾಗಿ ನಕ್ಕ.

“ನನ್ನ ಎತ್ತಿನ ಹೆಸರು ಯಾಕ ಹಾಕಿಲ್ಲ?” ಅಂತ ಹಿರಿಯ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕ ತಿರುವಿ ಹಾಕಿ, ಫೋಟೊ ನೋಡಿ, ವಾಪಸು ಕೊಡುತ್ತ ಅಂದ: “ಮುಂದಿನ ಹಿಂಗಾರಿಗೆ ಎರಡೂ ಹೊಲದಾಗ ಕಟ್ಟು. ಅವನ ಹೊಲದಾಗೂ. ಈ ಸಲ ಬಲಿ ನಾ ಕಟ್ತೀನಿ, ನಿನಗ ಗಂಟು ಹಾಕಾಕ ಬರಂಗಿಲ್ಲ.”